ಅರ್ಧ ಸ್ವರ ಇಳಿದ ಕಾರು

ಕ್ಲಿಯೋಫಸ್ ಸ್ಟ್ರೇಹಾರ್ನ್ ತೀರಿಕೊಂಡ ಸುದ್ದಿ ಹೋಸಿಯಾ ಬ್ಲೆಡ್ಸೋಗೆ ತಿಳಿದದ್ದು ರೇಡಿಯೋದಿಂದ. ಟಾಲಿವರ್ ಊರಿನ ರೇಡಿಯೋದಲ್ಲಿ ಬೆಳಗಿನ ಹೊತ್ತು ಮೊದಲು ಹತ್ತಿಯ ಧಾರಣೆ, ಆಮೇಲೆ ಹಂದಿಯ ಧಾರಣೆ, ಆಮೇಲೆ ಸತ್ತವರ ಹೆಸರು, ಕೊನೆಗೆ ಹವಾಮಾನ. ಹೋಸಿಯಾ ತಟ್ಟೆಯಲ್ಲಿದ್ದ ಮೊಟ್ಟೆಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸುತ್ತಿದ್ದ. ಹಂದಿಯ ಧಾರಣೆ ಇಳಿದಿತ್ತು. 'ಪಿಯಾನೊಗಳಿಗೆ ಶ್ರುತಿ ಕೂಡಿಸುತ್ತಿದ್ದ, ಮೌಂಟ್ ನೆಬೋ ಕ್ರೈಸ್ತ ಸಭೆಯ ಶ್ರೀ ಕ್ಲಿಯೋಫಸ್ ಸ್ಟ್ರೇಹಾರ್ನ್ ಅವರು ನಿನ್ನೆ ಸಂಜೆ ಪ್ರಭುವಿನಲ್ಲಿ ನಿದ್ರೆಹೋದರು' ಎಂದ ದನಿ ಅದೇ ಉಸಿರಿನಲ್ಲಿ, ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯಬಹುದು ಎಂದಿತು. ಹೋಸಿಯಾನ ಕೈ ಮೆಣಸು ಉದುರಿಸುವುದನ್ನು ನಿಲ್ಲಿಸಲಿಲ್ಲ. ಮೊಟ್ಟೆ ಕಪ್ಪಗಾಯಿತು.

ಆಗಲೇ ಅವನು ಒಲೆಯ ಕಡೆ ನೋಡಿದ್ದು. ಹೆಂಡತಿ ವರ್ನೆಲ್ ಬೆನ್ನು ತಿರುಗಿಸಿಕೊಂಡು ಹಿಟ್ಟು ಲಟ್ಟಿಸುತ್ತಿದ್ದಳು. ದೊಡ್ಡ ಪಾತ್ರೆಯಲ್ಲಿ ಇಡೀ ಕೋಳಿ ಬೇಯುತ್ತಿತ್ತು. ವಾರದ ನಡುವೆ ಯಾರ ಮನೆಯಲ್ಲಾದರೂ ಇಡೀ ಕೋಳಿ ಬೇಯುತ್ತಿದೆಯೆಂದರೆ ಟಾಲಿವರ್‌ನಲ್ಲಿ ಅದರ ಅರ್ಥ ಒಂದೇ; ಅದು ಸಾವಿನ ಮನೆಗೆ ಹೋಗುವ ಅಡುಗೆ. ಆ ವಾಸನೆ ಎದ್ದಾಗಿನಿಂದ ಮೂಗಿಗೆ ಬಡಿಯುತ್ತಿದ್ದರೂ, ಯಾರಿಗೆ ಏನಾಯಿತು ಎಂದು ತಾನು ಕೇಳಲಿಲ್ಲವಲ್ಲ. ಕೇಳದೆ, ಮೊಟ್ಟೆ ಬೇಕು ಎಂದೆನಲ್ಲ.

"ನಿನಗೆ ಗೊತ್ತಿತ್ತಾ?" ಎಂದ.

"ನಿನ್ನೆ ರಾತ್ರೀನೇ ಒಡೆಸ್ಸಾ ಫೋನ್ ಮಾಡಿದ್ಳು. ಸಂಜೆ ಗಂಡ ಕುರ್ಚೀಲಿ ಕೂತೋನು ಕೂತ ಹಾಗೇ ಹೋದನಂತೆ."

"ನನಗೆ ಹೇಳ್ಲಿಲ್ಲ."

"'ಆ ಮನುಷ್ಯನ ಹೆಸರು ಈ ಮನೇಲಿ ಎತ್ತಕೂಡದು' ಅಂತ ಇದೇ ಮೇಜು ಗುದ್ದಿ ಹೇಳಿದೋರು ಯಾರು? ಉಪ್ಪಿನ ಡಬ್ಬಿ ಉರುಳಿಹೋಗಿತ್ತು. ಹೆಸರು ಎತ್ತದೆ ಸತ್ತ ಸುದ್ದಿ ಹೇಗೆ ಹೇಳೋದು, ಸ್ವಲ್ಪ ಹೇಳಿಕೊಡಿ, ಡೀಕನ್ ಬ್ಲೆಡ್ಸೋ."

"ಆ ಮನುಷ್ಯ ಹೋದ ಅನ್ನಬಹುದಾಗಿತ್ತು."

"ಯಾವ ಮನುಷ್ಯ ಅಂತ ಕೇಳ್ತಿದ್ರಿ. ನಿಮ್ಮನ್ನ ನನಗೆ ಗೊತ್ತಿಲ್ವಾ?"

ಹೊರಗೆ ಸಭೆಯ ಹೆಂಗಸರ ಕಾರು ಹಾರ್ನ್ ಮಾಡಿತು. ವರ್ನೆಲ್ ಏಪ್ರನ್ ಬಿಚ್ಚಿ, ಟೋಪಿಗೆ ಸೂಜಿ ಚುಚ್ಚಿಕೊಂಡು, ಲಟ್ಟಿಸಿದ ಹಿಟ್ಟಿನ ತುಂಡುಗಳನ್ನು ಸಾರಿಗೆ ಬಿಟ್ಟಳು. "ಈ ಕಡುಬು ಬೆಂದ ಮೇಲೆ ಒಲೆ ಆರಿಸಿ, ಪಾತ್ರೇನ ಕಾರಲ್ಲಿ ಇಟ್ಕೊಂಡು ಬನ್ನಿ. ನಿಧಾನಕ್ಕೆ. ಸಾರು ಚೆಲ್ಲಿದ್ರೆ ನೀವು ಸತ್ತ ಮೇಲೂ ಆ ಸೀಟು ನಾರ್ತಿರುತ್ತೆ."

"ನಾನು ಆ ಮನೆಗೆ ಬರಲ್ಲ."

"ನೀವು ಬರಬೇಡಿ. ಪಾತ್ರೆ ಬರಲಿ. ಅದಕ್ಕೆ ಕಾಲಿಲ್ಲ, ಅಷ್ಟೆ."

ಅವಳು ಹೋದಳು. ಹೋಸಿಯಾ ಒಲೆಯ ಮುಂದೆ ನಿಂತು ಕಡುಬು ಮೇಲೇಳುವುದನ್ನೂ ಮುಳುಗುವುದನ್ನೂ ನೋಡಿದ. ಮುಳುಗಿದ್ದು ಮತ್ತೆ ಮೇಲೆ ಬರುತ್ತಿತ್ತು. ಯೋನನ ಹಾಗೆ, ಎಂದುಕೊಂಡ. ಯಾವುದನ್ನು ನೋಡಿದರೂ ಅವನಿಗೆ ಬೈಬಲ್ಲಿನ ಒಬ್ಬ ಮನುಷ್ಯ ನೆನಪಾಗುತ್ತಿದ್ದ, ನೆನಪಾದವನನ್ನು ಮುಂದಿನ ಭಾನುವಾರದ ಪ್ರಾರ್ಥನೆಗೆ ಸೇರಿಸಿಬಿಡುತ್ತಿದ್ದ. ಅವನ ಪ್ರಾರ್ಥನೆ ಬೆಳೆದದ್ದೇ ಹಾಗೆ. ಮೌಂಟ್ ನೆಬೋ ಸಭೆಯಲ್ಲಿ, ಅದರ ಹಿರಿಯ ಸೇವಕನಾದ ಡೀಕನ್ ಬ್ಲೆಡ್ಸೋ ಪ್ರಾರ್ಥನೆಗೆ ನಿಂತನೆಂದರೆ ತಾಯಂದಿರು ಮಕ್ಕಳಿಗೆ ಮೊದಲೇ ನೀರು ಕುಡಿಸಿಕೊಂಡು ಬರುತ್ತಿದ್ದರು. ಅದು ತನ್ನ ಮೇಲಿನ ಗೌರವ ಎಂದೇ ಅವನು ತಿಳಿದಿದ್ದ. ಸಭೆಯಲ್ಲಿ ಕೆಲವು ದಿನ ನಡೆದ ಆ ಸುವಾರ್ತಾ ಕೂಟದ ಕಡೆಯ ರಾತ್ರಿಯವರೆಗೆ. ಕಿಟಕಿಯ ಹೊರಗೆ ಹೆಂಗಸರು ಮೀನು ಕರಿದು ರಾಶಿ ಹಾಕಿದ್ದರು. ಒಳಗೆ ಸೆಖೆ; ಎಲ್ಲರ ಕೈಯಲ್ಲೂ ಶವಸಂಸ್ಕಾರದ ಅಂಗಡಿಯವರು ಪುಕ್ಕಟೆ ಹಂಚಿದ ಬೀಸಣಿಗೆ. ಹೋಸಿಯಾ ಆದಾಮನಿಂದ ಹೊರಟು, ನೋಹನ ನಾವೆಗೆ ಪ್ರಾಣಿಗಳನ್ನು ಜೋಡಿಜೋಡಿಯಾಗಿ ಹತ್ತಿಸಿ, ಅಬ್ರಹಾಮನನ್ನು ಬೆಟ್ಟ ಹತ್ತಿಸಿ ಇಳಿಸಿ, ಐಗುಪ್ತಕ್ಕೆ ಬಂದು, ಮೋಶೆಯ ಕೋಲು ಎತ್ತಿಸಿದ್ದ. ಸಮುದ್ರ ಎರಡು ಗೋಡೆಯಾಗಿ ನಿಂತಿತ್ತು. ಇಸ್ರಾಯೇಲ್ಯರು ಹೆಂಗಸರು ಮಕ್ಕಳು ಕುರಿ ಕೋಣಗಳೊಂದಿಗೆ ನಡುನೀರಿನ ಹಾದಿಗೆ ಇಳಿದಿದ್ದರು. ಆಗ, ಕಣ್ಣು ಮುಚ್ಚಿಕೊಂಡಿದ್ದ ಹೋಸಿಯಾನ ಬಲಗಡೆಯಿಂದ, ಪಿಯಾನೊ ಮುಂದೆ ಕೂತಿದ್ದ ಕ್ಲಿಯೋಫಸ್ ಮೆತ್ತಗೆ, ಬಹಳ ಮೆತ್ತಗೆ, ಆಮೆನ್ನಿನ ಸ್ವರ ಒತ್ತಿದ.

ಪ್ರಾರ್ಥನೆ ಮುಗಿಯಿತೆಂದು ಸಭೆ ಎದ್ದು ನಿಂತಿತು. ಮೂರು ಸಲ ಆಮೆನ್ ಹಾಡಿತು. ಹಾಡಿ ಕಣ್ಣು ಬಿಟ್ಟು ಮೀನಿನ ಕಡೆ ನಡೆಯಿತು. ಹೋಸಿಯಾ ಕೈ ಎತ್ತಿಕೊಂಡೇ ಕಣ್ಣು ತೆರೆದಾಗ ಮುಂದೆ ಇದ್ದದ್ದು ಬೆಂಚುಗಳು, ಬೆಂಚುಗಳ ಮೇಲೆ ಬೀಸಣಿಗೆಗಳು. ಇಸ್ರಾಯೇಲ್ಯರು ನಡುಸಮುದ್ರದಲ್ಲೇ ನಿಂತುಬಿಟ್ಟಿದ್ದರು. ಪಿಯಾನೊ ಹಿಂದಿನಿಂದ ಕ್ಲಿಯೋಫಸ್ ಅವನನ್ನು ನೋಡಿ ನಕ್ಕ. ಆ ನಗುವಿನಲ್ಲಿ ಕೇಡಿರಲಿಲ್ಲ. ಅದೇ ಹೋಸಿಯಾಗೆ ತಡೆಯಲಾಗದೆ ಹೋದದ್ದು; ಕೇಡಿದ್ದಿದ್ದರೆ ಕ್ಷಮಿಸಬಹುದಾಗಿತ್ತು, ಕ್ಷಮಿಸುವುದಕ್ಕೆ ಬೈಬಲ್ಲಿನಲ್ಲಿ ವಾಕ್ಯವಿದೆ. ಬಾಲ್ಯದಿಂದ ಒಂದೇ ಕಾಲುವೆಯಲ್ಲಿ ಮೀನು ಹಿಡಿದವನ ಜೊತೆ ಅಂದಿನಿಂದ ಮಾತು ಬಿಟ್ಟ. ಕ್ಲಿಯೋಫಸ್ ಮೂರು ಸಲ ಬಂದು ಬಾಗಿಲು ತಟ್ಟಿದ. ಮೂರು ಸಲವೂ ಹೋಸಿಯಾ ಒಳಗೆ ಕೂತು ಕೆಮ್ಮಿದ, ಮನೆಯಲ್ಲಿದ್ದೂ ತೆರೆಯುತ್ತಿಲ್ಲ ಎಂದು ಗೊತ್ತಾಗಲಿ ಎಂದು.

ಕಡುಬು ಬೆಂದಿತ್ತು. ಹೋಸಿಯಾ ಒಲೆ ಆರಿಸಿ, ಕೋಣೆಗೆ ಹೋಗಿ ಕಪ್ಪು ಸೂಟು ಹಾಕಿಕೊಂಡ. ಆ ಮನೆಗೆ ಹೋಗುವುದಕ್ಕಲ್ಲ. ಸಾವಿನ ಮನೆಗೆ ಹೋಗುವ ಪಾತ್ರೆಯನ್ನು ಬರೀ ಅಂಗಿ ತೊಟ್ಟು ಒಯ್ಯುವುದು ಶೋಭೆಯಲ್ಲ, ಅದಕ್ಕೆ. ಅವನ ಮನಸ್ಸಿನಲ್ಲಿ ಒಂದು ಉಪಾಯವಿತ್ತು. ಪೇಟೆಬೀದಿಯ ಕ್ವಾಂಗ್‌ನ ದಿನಸಿ ಅಂಗಡಿಯಲ್ಲಿ ಪಾತ್ರೆ ಇಳಿಸಿ, ನಿನ್ನ ವ್ಯಾನಿನಲ್ಲಿ ಒಡೆಸ್ಸಾಳ ಮನೆಗೆ ಮುಟ್ಟಿಸಿಬಿಡಪ್ಪ ಎಂದು ಹೇಳಿ, ಹಾಗೆಯೇ ಹಿಂದಿರುಗುವುದು. ಪಾತ್ರೆಯ ತಳಕ್ಕೆ ವರ್ನೆಲ್ ತನ್ನ ಹೆಸರಿನ ಪಟ್ಟಿ ಅಂಟಿಸಿದ್ದಳು. ಪಾತ್ರೆ ತಾನಾಗಿಯೇ ಮನೆಗೆ ಬರುತ್ತದೆ. ಮುಂದಿನ ಸೀಟಿನಲ್ಲಿ ಅದನ್ನು ಕೂರಿಸಿ, ಟವೆಲ್ ಸುತ್ತಿ, ಸೀಟಿನ ಬೆಲ್ಟು ಕಟ್ಟಿ, ನಡೆಯುವವನು ಹಿಂದೆ ಹಾಕುವಷ್ಟು ನಿಧಾನವಾಗಿ ಹೊರಟ.

ಆ ಕಾರನ್ನು ಅವನು ಕೊಂಡದ್ದು ಶವಸಂಸ್ಕಾರದ ಅಂಗಡಿಯವರಿಂದ. ಉದ್ದನೆಯ ಕಪ್ಪು ಕಾರು. ಸತ್ತವರ ಮನೆಮಂದಿಯನ್ನು ಸ್ಮಶಾನಕ್ಕೆ ಕರೆದೊಯ್ಯಲು ಅವರು ಇಟ್ಟಿದ್ದದ್ದು, ಹೊಸದು ಬಂದಾಗ ಅಗ್ಗಕ್ಕೆ ಕೊಟ್ಟರು. ಮೊದಲ ದಿನ ಅದನ್ನು ನೋಡಿ ಕ್ಲಿಯೋಫಸ್, "ಮೊದಲು ಮನೇಲಿ ಯಾರಾದ್ರೂ ಸಾಯ್ತಾರೆ, ಆಮೇಲೆ ಇದನ್ನ ಹತ್ತೋದು ಕಣೋ. ನಿನ್ನದು ಎಲ್ಲಾ ಉಲ್ಟಾ" ಎಂದಿದ್ದ. ಹೋಸಿಯಾ ಬೀದಿ ತಿರುಗಿದ. ಎದುರಿನ ಗಾಜು ಮಸುಕಾಗಿತ್ತು. ಮಧ್ಯಾಹ್ನಕ್ಕೆ ಮೋಡ ಎಂದ ರೇಡಿಯೋ ಸುಳ್ಳು ಹೇಳಿತು, ಈಗಲೇ ಹನಿಯುತ್ತಿದೆ ಎಂದುಕೊಂಡು ಗಾಜು ಒರೆಸುವ ಕಡ್ಡಿಯ ಗುಂಡಿ ಎಳೆದ. ಕಡ್ಡಿ ಅಲುಗಲಿಲ್ಲ. ಇನ್ನೊಮ್ಮೆ ಎಳೆದ. ಅವನು ಎಳೆದದ್ದು ದೀಪದ ಗುಂಡಿ, ಮಸುಕಾಗಿದ್ದದ್ದು ಗಾಜಲ್ಲ. ಎರಡೂ ಅವನಿಗೆ ತಿಳಿಯಲಿಲ್ಲ. ಹಾಳು ಕಾರು ಎಂದು, ಆ ಮಾತಿಗೆ ಕರ್ತನ ಕ್ಷಮೆ ಕೇಳಿ, ಕೈವಸ್ತ್ರದಿಂದ ಗಾಜನ್ನೂ ಯೋಚಿಸದೆ ಕಣ್ಣನ್ನೂ ಒರೆಸಿದ. ಮಳೆ ನಿಂತಿತು.

ಹೀಗೆ ಹಾಡಹಗಲಲ್ಲಿ ದೀಪ ಹೊತ್ತಿಸಿಕೊಂಡು, ಶವಸಂಸ್ಕಾರದ ಕರಿಕಾರಿನಲ್ಲಿ, ಕಪ್ಪು ಸೂಟು ತೊಟ್ಟು, ಆಮೆಯ ನಡಿಗೆಯಲ್ಲಿ ಡೀಕನ್ ಬ್ಲೆಡ್ಸೋ ಪೇಟೆಬೀದಿಗೆ ಬಂದ.

ಕ್ವಾಂಗ್ ಅಂಗಡಿಯ ಬಾಗಿಲಲ್ಲೇ ನಿಂತಿದ್ದ. ಅವನ ತಾತ ಚೀನಾದಿಂದ ಬಂದು ಈ ಅಂಗಡಿ ಇಟ್ಟವನು. ಮೊಮ್ಮಗನಿಗೆ ಗೊತ್ತಿದ್ದದ್ದು ಟಾಲಿವರ್ ಒಂದೇ. ಕಾರು ನೋಡಿದೊಡನೆ ಅವನು ತಲೆಯ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಹೋಸಿಯಾ ಕಿಟಕಿ ಇಳಿಸಿ ಉಪಾಯದ ಮಾತು ಶುರುಮಾಡುವ ಮೊದಲೇ, "ಇವತ್ತೇನಾ, ಡೀಕನ್? ಇಷ್ಟು ಬೇಗ?" ಎಂದ.

"ಬೇಗ ಅಂದ್ರೆ... ಬಿಸಿ ಇರೋವಾಗ್ಲೇ ಮುಟ್ಟಿಸಬೇಕಲ್ಲ," ಎಂದ ಹೋಸಿಯಾ.

ಕ್ವಾಂಗ್‌ನ ಮುಖ ಬಿಳಿಚಿತು. "ನಿಮ್ಮವರ ಪದ್ಧತಿ ನೀವೇ ಬಲ್ಲಿರಿ," ಎಂದು ಮೆಲ್ಲಗೆ ಹೇಳಿ ಅಂಗಡಿಯ ಬಾಗಿಲು ಎಳೆದುಕೊಂಡ. "ನಡೀರಿ, ನಾನು ವ್ಯಾನ್ ತಗೊಂಡು ಹಿಂದೇನೇ ಬರ್ತೀನಿ. ನಮ್ಮ ಮಗಳ ಮದುವೇಲಿ ರಾತ್ರಿಯೆಲ್ಲಾ ಪಿಯಾನೊ ನುಡಿಸಿದ್ರು. ಹಿಂದೆ ಬರದೇ ಇದ್ರೆ ನಾನು ಮನುಷ್ಯನಾ?"

ಉಪಾಯ ಅಲ್ಲಿಗೆ ಮುಗಿಯಿತು. ಹೋಸಿಯಾ ಮುಂದೆ ಹೋದ. ಎದುರಿನಿಂದ ಬರುತ್ತಿದ್ದ ಒಂದು ಟ್ರಕ್ಕು ರಸ್ತೆಯ ಅಂಚಿಗೆ ಸರಿದು ನಿಂತಿತು. ಅದರೊಳಗಿದ್ದ ಬಿಳಿಯ ರೈತ ಟೋಪಿ ತೆಗೆದ. ಹೋಸಿಯಾ ತಲೆಯಾಡಿಸಿದ. ಹಾಲಿನ ಗಾಡಿ ನಿಂತಿತು. ಕ್ಷೌರದ ಅಂಗಡಿಯಿಂದ ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬ ಹೊರಬಂದು, ನೊರೆ ಹಚ್ಚಿದ ಮುಖ ತಗ್ಗಿಸಿ ನಿಂತ. ಈ ಊರಲ್ಲಿ ಹಗಲು ದೀಪ ಉರಿಸಿಕೊಂಡು ಕಾರು ಬಂದರೆ ಯಾರೂ ಎದುರಿಗೆ ಹೋಗುವುದಿಲ್ಲ. ಸತ್ತವನು ಯಾರೆಂದು ತಿಳಿಯದಿದ್ದರೂ ಅವನು ದಾಟುವವರೆಗೆ ನಿಲ್ಲುತ್ತಾರೆ. ಅದು ಹೋಸಿಯಾಗೂ ಗೊತ್ತು. ಆದ್ದರಿಂದಲೇ ಕನ್ನಡಿಯಲ್ಲಿ ಹಿಂದೆ ನೋಡಿದ. ಕ್ವಾಂಗ್‌ನ ವ್ಯಾನಿಗೆ ದೀಪ. ಅದರ ಹಿಂದೆ ಬಟ್ಟೆಯಂಗಡಿಯ, ಲೆಬನಾನಿನ ಹದ್ದಾದ್ ಸಾಹುಕಾರನ ಕಾರಿಗೆ ದೀಪ. ಅದರ ಹಿಂದೆಯೂ ದೀಪ. ಹಿಂದೆ ಯಾರದೋ ಶವ ಬರುತ್ತಿದೆ, ಮುಂದೆ ನಾನು ಕೋಳಿಸಾರು ಇಟ್ಟುಕೊಂಡು ದಾರಿಗೆ ಅಡ್ಡ ಆಗಿದ್ದೇನಲ್ಲ, ಎಂದು ಅವನ ಕಿವಿ ಬಿಸಿಯಾಯಿತು. ಮರ್ಯಾದೆಯಿಂದ ಪಕ್ಕಕ್ಕೆ ಸರಿದು ನಿಲ್ಲಿಸಿ, ಹ್ಯಾಟು ತೆಗೆದು ಎದೆಯ ಮೇಲಿಟ್ಟುಕೊಂಡು, ಶವ ದಾಟಿಹೋಗಲೆಂದು ಕಾದ.

ಹಿಂದಿನ ಕಾರುಗಳೆಲ್ಲ ಪಕ್ಕಕ್ಕೆ ಸರಿದು ನಿಂತವು. ಅವುಗಳ ಒಳಗಿದ್ದವರೂ ಹ್ಯಾಟು ತೆಗೆದು ಎದೆಯ ಮೇಲಿಟ್ಟುಕೊಂಡರು. ಬೀದಿಯ ಎರಡೂ ಕಡೆ ಎಲ್ಲರೂ ಕಾದರು. ಯಾವ ಶವವೂ ಬರಲಿಲ್ಲ.

ಆ ಮೌನದಲ್ಲಿ ಹೋಸಿಯಾಗೆ ತನ್ನ ಅಪ್ಪನ ಶವ ಇದೇ ಬೀದಿಯಲ್ಲಿ ಹೋದದ್ದು ನೆನಪಾಯಿತು. ಆಗ ಒಂದು ಟ್ರಕ್ಕೂ ನಿಲ್ಲಲಿಲ್ಲ. ಕರಿಯರ ಶವಕ್ಕೆ ನಿಲ್ಲುವ ಕಾಲ ಅದಲ್ಲ. ಒಬ್ಬನಂತೂ ಹಾರ್ನ್ ಹೊಡೆಯುತ್ತ ಸಾಲನ್ನು ನಡುವೆ ಸೀಳಿಕೊಂಡು ಹೋದ. ಪಕ್ಕದಲ್ಲಿ ನಡೆಯುತ್ತಿದ್ದ ಕ್ಲಿಯೋಫಸ್ ಆ ಹಾರ್ನ್ ಕೇಳಿ, ಅಳುತ್ತಿದ್ದ ಹೋಸಿಯಾನ ಕಿವಿಯಲ್ಲಿ, "ಸ್ವರ ತಪ್ಪಿದೆ, ಬಡ್ಡೀಮಗಂದು" ಎಂದಿದ್ದ. ಅಪ್ಪನ ಶವದ ಹಿಂದೆ ಹೋಸಿಯಾ ನಕ್ಕುಬಿಟ್ಟಿದ್ದ. ತಾಯಿ ತಿರುಗಿ ನೋಡಿದ್ದಳು. ಅದೇ ಕ್ಲಿಯೋಫಸ್ ಬಿಳಿಯರ ಮೆಥಡಿಸ್ಟ್ ಸಭೆಯ ಪಿಯಾನೊ ಶ್ರುತಿಗೆ ಹಿಂಬಾಗಿಲಿನಿಂದ ಹೋಗುತ್ತಿದ್ದ. ಮುಂಬಾಗಿಲು ಅವನಿಗೂ ತೆರೆದ ಮೇಲೆ ಅಭ್ಯಾಸ ಬಲದಿಂದ ಹಿಂದಕ್ಕೇ ಹೋಗಿ, ಅಲ್ಲಿ ಬೀಗ ನೋಡಿ, "ಇಷ್ಟು ವರ್ಷ ಕಾದು ಒಳಗೆ ಬಿಟ್ಟರು, ನಾನು ಹೊರಗೇ ಉಳಿದೆ ನೋಡು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಈಗ ಬೀದಿಯುದ್ದಕ್ಕೂ ಬಿಳಿಯರು, ಕರಿಯರು, ಉಳಿದವರು ಎಲ್ಲ ಬರಿದಲೆಯಲ್ಲಿ ನಿಂತಿದ್ದರು. ಅಪ್ಪನಿಗೆ ಸಿಗದದ್ದು ಒಂದು ಪಾತ್ರೆ ಕೋಳಿಸಾರಿಗೆ ಸಿಕ್ಕಿತ್ತು.

ಪೊಲೀಸ್ ಡ್ವೇನ್ ತನ್ನ ಗಾಡಿ ಇಳಿದು ಬಂದು ಕಿಟಕಿಗೆ ಬಾಗಿದ. ಕೆಂಪು ಕೂದಲಿನ, ಒಳ್ಳೆಯ ಮನಸ್ಸಿನ ಬಿಳಿಯ. "ಯಾಕೆ ನಿಂತ್ರಿ, ಡೀಕನ್? ಗಾಡಿ ಕೆಟ್ಟಿತಾ?"

"ಹಿಂದಿನೋರು ದಾಟಲಿ ಅಂತ."

"ಹಿಂದಿನೋರು ನಿಮ್ಮ ಹಿಂದೆ ಬರ್ತಿದ್ದಾರೆ." ಡ್ವೇನ್ ದನಿ ತಗ್ಗಿಸಿದ. "ಮಿಸ್ಟರ್ ಸ್ಟ್ರೇಹಾರ್ನ್ ತಾನೇ? ಒಳಗಿದ್ದಾರಾ?"

ಆಗ ಹೋಸಿಯಾ ಎದುರಿನ ಕಾರಿನ ಹೊಳೆಯುವ ಬಂಪರಿನಲ್ಲಿ ತನ್ನ ಕಾರಿನ ಎರಡು ದೀಪ ಉರಿಯುವುದನ್ನು ಕಂಡ. ಡೀಕನ್ ಆದವನು ಸುಳ್ಳು ಹೇಳುವಂತಿಲ್ಲ. "ಕೋಳಿ ಇದೆ," ಎಂದ.

ಡ್ವೇನ್ ಪಾತ್ರೆ ನೋಡಿದ. ಪಾತ್ರೆಗೆ ಕಟ್ಟಿದ ಬೆಲ್ಟು ನೋಡಿದ. ಆಮೇಲೆ ತಲೆಯೆತ್ತಿ, ಹಿಂದೆ ಸಾಲುಗಟ್ಟಿದ ಕಾರುಗಳನ್ನು, ನೊರೆಯ ಮುಖದವನನ್ನು, ಟ್ರಕ್ಕಿನ ರೈತನನ್ನು ನೋಡಿದ. ಅವನ ತುಟಿಯ ಒಂದು ತುದಿ ಅದುರಿತು, ಕಷ್ಟಪಟ್ಟು ಹಿಡಿದುಕೊಂಡ.

"ಇದು ಕೋಳಿ, ಎಲ್ಲಾ ಮನೆಗೆ ಹೋಗಿ ಅಂತ ಇಷ್ಟು ಜನಕ್ಕೆ ನಾನಂತೂ ಹೇಳಲ್ಲಪ್ಪ. ನೀವು ಹೇಳ್ತೀರಾ?"

"ನಾನು ವಾಪಸ್ ಮನೆಗೆ ಹೋಗೋನು."

"ವಾಪಸ್ ತಿರುಗಿಸಿದ್ರೆ ಇವರೆಲ್ಲಾ ನಿಮ್ಮ ಮನೆಗೇ ಬರ್ತಾರೆ, ಡೀಕನ್. ಅಲ್ಲಿ ಯಾರು ಸತ್ತಿದ್ದಾರೆ ಅಂತ ಹೇಳ್ತೀರಿ?" ಎಂದು ಡ್ವೇನ್ ಟೋಪಿ ಸರಿಮಾಡಿಕೊಂಡ. "ನಡೀರಿ. ಮುಂದೆ ನಾನು ದಾರಿ ಬಿಡಿಸ್ತೀನಿ."

ಹೋಸಿಯಾಗೆ ಬೇರೆ ಹಾದಿ ಉಳಿಯಲಿಲ್ಲ. ಮತ್ತೆ ಕಾರು ಹೊರಡಿಸಿದ. ಒಡೆಸ್ಸಾಳಿಗೆ ಏನು ಹೇಳುವುದು? ನಿನ್ನ ಗಂಡ ಬಾಗಿಲು ತಟ್ಟಿದಾಗ ಕೆಮ್ಮಿದವನು ನಾನು ಎಂದೇ? ಅವಳು ಬಾಗಿಲು ಹಾಕಿಕೊಂಡರೆ, ಇಡೀ ಊರಿನ ಎದುರಿಗೆ, ಒಳಗಿನಿಂದ ಒಂದೇ ಒಂದು ಸಲ ಕೆಮ್ಮಿದರೆ? ಅದು ನ್ಯಾಯವೇ ಆದೀತು. ಇಸ್ರಾಯೇಲ್ಯರನ್ನು ಅಟ್ಟಿಬಂದ ಫರೋಹನ ರಥಗಳ ಹಾಗೆ ಹಿಂದೆ ದೀಪದ ಸಾಲು. ಇಲ್ಲ, ಫರೋಹ ಅಲ್ಲ. ದಾರಿಯಲ್ಲಿ ಮೋಟೆಲಿನ ನಾರಣಭಾಯಿ ತನ್ನ ಗಾಡಿಗೆ ಐಸಿನ ಚೀಲಗಳನ್ನು ತುಂಬಿಕೊಂಡು ಸಾಲು ಸೇರಿದ. ಊರಲ್ಲಿ ಯಾರು ಸತ್ತರೂ ಐಸು ಅವನದೇ. ಅವನ ಊರಿನಿಂದ ಬಂದ ಹಾರ್ಮೋನಿಯಮ್ಮಿನ ಒಡೆದ ತಿದಿ ಕಟ್ಟಿಕೊಟ್ಟು ಕಾಸು ತೆಗೆದುಕೊಳ್ಳದೆ ಹೋದವನು ಕ್ಲಿಯೋಫಸ್.

ಸ್ಟ್ರೇಹಾರ್ನ್‌ನ ಮನೆಯ ಬೀದಿ ಹೋಸಿಯಾಗೆ ಹೊಸದಲ್ಲ. ಮಾತು ಬಿಟ್ಟ ಮೇಲೂ ಪ್ರತಿ ಸಂಜೆ ಏನಾದರೊಂದು ನೆಪ ಮಾಡಿಕೊಂಡು ಇದೇ ಬೀದಿಯಲ್ಲಿ ಕಾರು ಬಿಡುತ್ತಿದ್ದ, ತಲೆ ನೇರ, ಕಣ್ಣು ಓರೆ. ವರಾಂಡದ ಕುರ್ಚಿಯಲ್ಲಿ ಕ್ಲಿಯೋಫಸ್‌ನ ಬಿಳಿಯ ತಲೆ ಕಾಣುತ್ತಿತ್ತು. ಕಂಡರೆ ಸಾಕು, ವೇಗ ಹೆಚ್ಚಿಸಿ ಹೋಗಿಬಿಡುತ್ತಿದ್ದ. ಇದು ಯಾರಿಗೂ ಗೊತ್ತಿಲ್ಲ, ವರ್ನೆಲ್‌ಗೂ ಗೊತ್ತಿಲ್ಲ. ನಿನ್ನೆ ಮಾತ್ರ ಸೊಂಟ ನೋವೆಂದು ಹೋಗಿರಲಿಲ್ಲ.

ಹೆಂಗಸರೆಲ್ಲ ವರಾಂಡಕ್ಕೆ ಬಂದಿದ್ದರು. ಒಡೆಸ್ಸಾ ನಡುವೆ, ಕಂಬ ಹಿಡಿದು. ಹೋಸಿಯಾ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಇಳಿದ. ಅವನ ಹಿಂದೆ ಕಾರಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿದ ಸದ್ದು. ಹುಲ್ಲಿನ ಮೇಲೆ ಊರೇ ನೆರೆಯಿತು. ವರ್ನೆಲ್ ಗಂಡನನ್ನೂ ಜನವನ್ನೂ ನೋಡಿ ಬಾಯಿಗೆ ಕೈಯಿಟ್ಟಳು. "ಒಂದು ಪಾತ್ರೆ ತನ್ನಿ ಅಂದ್ರೆ ಊರನ್ನೇ ತಂದ್ರಲ್ರೀ!"

"ದೀಪ..." ಎಂದ ಹೋಸಿಯಾ. ಮೆಟ್ಟಿಲ ಕೆಳಗೆ ನಿಂತ. "ಒಡೆಸ್ಸಾ. ನಾನು..."

"ನೀನು ಬರ್ತೀಯ ಅಂತ ಆಗಲೇ ಗೊತ್ತಾಯ್ತು," ಎಂದಳು ಒಡೆಸ್ಸಾ. ಕಣ್ಣು ಊದಿತ್ತು, ದನಿ ಗಟ್ಟಿಯಾಗಿತ್ತು. "ತಿರುವಿನಲ್ಲೇ ಸದ್ದು ಕೇಳಿಸ್ತು."

"ಯಾವ ಸದ್ದು?"

"ನಿನ್ನ ಕಾರಿಂದು. ದಿನಾ ಸಂಜೆ ಅವನು ಈ ಕುರ್ಚೀಲಿ ಕೂತು ಕಾಯ್ತಿದ್ದ. 'ಬಂತು ನೋಡು ಒಡೆಸ್ಸಾ, ಅರ್ಧ ಸ್ವರ ಇಳಿದಿದೆ. ಆ ಕಾರನ್ನೂ ಹೋಸಿಯಾನ್ನೂ ಒಟ್ಟಿಗೆ ಶ್ರುತಿ ಮಾಡಬೇಕು' ಅಂತಿದ್ದ. ನೀನು ದಾಟಿದ ಮೇಲೇನೇ ಊಟಕ್ಕೆ ಏಳ್ತಿದ್ದಿದ್ದು. ನೀನು ಜೋರಾಗಿ ಓಡಿಸಿಕೊಂಡು ಹೋದಾಗೆಲ್ಲಾ ನಗೋನು. ನಿನ್ನೆ..." ಅವಳು ಕುರ್ಚಿಯ ಕಡೆ ನೋಡಿದಳು. "ನಿನ್ನೆ ತುಂಬಾ ಹೊತ್ತು ಕೂತೇ ಇದ್ದ. ಊಟ ಆರಿಹೋಗುತ್ತೆ ಬಾ ಅಂದ್ರೆ, ಇನ್ನೂ ಹೋಸಿಯಾ ಹೋಗಿಲ್ಲ ಅಂದ."

ಹೋಸಿಯಾ ಪಾತ್ರೆ ಹಿಡಿದೇ ನಿಂತಿದ್ದ. ಸಾರು ಸ್ವಲ್ಪ ಚೆಲ್ಲಿ ಸೂಟಿನ ಮೇಲೆ ಇಳಿಯಿತು. ವರ್ನೆಲ್ ಬಂದು, ಬೈಯದೆ, ಪಾತ್ರೆ ತೆಗೆದುಕೊಂಡಳು. ಖಾಲಿಯಾದ ಕೈಗಳನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ಪ್ರಾರ್ಥನೆ ಮಾಡು, ಹೋಸಿಯಾ," ಎಂದಳು ಒಡೆಸ್ಸಾ. "ಊರೇ ಬಂದಿದೆ. ಎಷ್ಟು ಉದ್ದ ಬೇಕಾದ್ರೂ ಮಾಡು. ಇವತ್ತು ನಿಲ್ಲಿಸೋರಿಲ್ಲ."

ಹ್ಯಾಟುಗಳು ಇಳಿದವು. ಮೌಂಟ್ ನೆಬೋದ ಹೆಂಗಸರು ಅಭ್ಯಾಸದಿಂದ ಕಾಲು ಅಗಲಿಸಿ ಭದ್ರವಾಗಿ ನಿಂತರು. "ತುಂಬಾ ಹೊತ್ತಾ?" ಎಂದು ನಾರಣಭಾಯಿ ಕ್ವಾಂಗ್‌ನನ್ನು ಪಿಸುಗುಟ್ಟಿ ಕೇಳಿದ; "ಐಸನ್ನ ನೆರಳಿಗೆ ಇಡು" ಎಂದ ಕ್ವಾಂಗ್. ಹೋಸಿಯಾ ಕಣ್ಣು ಮುಚ್ಚಿ, ಕೈ ಎತ್ತಿ, "ಆದಾಮನನ್ನು ಮಣ್ಣಿನಿಂದ ಮಾಡಿದ ಕರ್ತನೇ" ಎಂದು ಶುರುಮಾಡಿದ. ಅಲ್ಲಿಗೆ ನಿಂತ. ಒಳಗಿನ ಕೋಣೆಯಲ್ಲಿ ಪಿಯಾನೊ ಇತ್ತು, ಬಾಗಿಲು ತೆರೆದಿತ್ತು. ಬಲಗಡೆಯಿಂದ ಆ ಸ್ವರ ಬರಲಿ ಎಂದು, ಬಹಳ ಮೆತ್ತಗೆ ಬರಲಿ ಎಂದು ಅವನು ಕಾದ. ಯಾವುದೋ ಕಾರಿನ ಬಿಸಿ ಲೋಹ ಟಿಕ್ಕೆಂದಿತು. ಐಸು ಕುಸಿದ ಸದ್ದಾಯಿತು. ನೋಹನೂ ಅಬ್ರಹಾಮನೂ ಸರದಿ ನಿಂತಿದ್ದರು. ಅವರೆಲ್ಲರ ಹಿಂದೆ, ಅಂದು ತಾನು ನಡುಸಮುದ್ರದಲ್ಲಿ ಬಿಟ್ಟುಬಂದಿದ್ದ ಜನ, ಎರಡು ನೀರಿನ ಗೋಡೆಗಳ ನಡುವೆ ಇನ್ನೂ ಕಾಯುತ್ತಿದ್ದರು. ಸತ್ತವರಿಗಾಗಿ ಬೇಡುವುದು ಕಥೋಲಿಕರ ಪದ್ಧತಿ, ನಮ್ಮದಲ್ಲ ಎಂದು ಅವನೇ ಎಷ್ಟು ಸಲ ಕಥೋಲಿಕನಾದ ಹದ್ದಾದ್ ಸಾಹುಕಾರನ ಜೊತೆ ವಾದಿಸಿದ್ದ. ಆಗಲಿ. ಅವನು ಕೈ ಇಳಿಸಿದ.

"ಕರ್ತನೇ, ನಡುನೀರಿನಲ್ಲಿ ಇರುವವರನ್ನೆಲ್ಲ ನೀನೇ ದಡ ಸೇರಿಸು. ಕ್ಲಿಯೋಫಸ್‌ನನ್ನು ಮೊದಲು ಸೇರಿಸು. ಅವನು ಊಟಕ್ಕೆ ಏಳದೆ ಕಾದವನು. ನಿನ್ನ ಮನೆಯಲ್ಲಿ ಪಿಯಾನೊ ಇದ್ದರೆ ಅವನನ್ನು ಅದರ ಮುಂದೆ ಕೂರಿಸು. ನಾನು ಬಂದ ದಿನ, ಮಾತು ಎಲ್ಲಿ ನಿಲ್ಲಿಸಬೇಕೋ ಅಲ್ಲಿ, ಅವನೇ ಆ ಸ್ವರ ಒತ್ತಲಿ. ಅಲ್ಲಿಯವರೆಗೆ ಅವನಿಗೆ ವಿಶ್ರಾಂತಿ ಕೊಡು, ತಂದೆಯೇ. ಶಾಂತಿ ಕೊಡು. ಆಮೆನ್."